ಜಿಪುಣಿಯ ಏಳನೇ ಎಲೆ

ಜನವರಿ ೯

ಪ್ರೀತಿಯ ಚೂಟಿ,

ಕುಂಡಗಳ ವಿಷಯ ಮಾತ್ರ ಬರೆದು ಪತ್ರ ಮುಗಿಸಿದ್ದೆ. ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಮನಸ್ಸು ಒಪ್ಪಲಿಲ್ಲ; ಹರಿದು ಹಾಕಿ ಮತ್ತೆ ಕೂತಿದ್ದೇನೆ. ಹೇಳದೆ ಬಿಡಲಿದ್ದದ್ದು ಇದು: ನಮ್ಮ ಜೋಳದ ತಳಿ ಜಿಪುಣಿ ಅಲ್ಲಿನ ಬರದ ಪರೀಕ್ಷೆಯಲ್ಲಿ ಗೆದ್ದರೆ ಇಲ್ಲಿನ ಸಂಸ್ಥೆಯವರು ಅದನ್ನು ಹೊಲಕ್ಕೆ ಇಳಿಸುತ್ತಾರೆ. ಹೊಲದ ಕೆಲಸಕ್ಕೆ ನಾನು ಮೂರು ವರ್ಷ ಇಲ್ಲೇ ಇರಬೇಕು ಎನ್ನುತ್ತಾರೆ. ನಾನು ಹೂಂ ಅಂದಿಲ್ಲ. ಊಹೂಂ ಅಂತಲೂ ಅಂದಿಲ್ಲ.

ನಿನ್ನಣ್ಣನಿಗೆ ಇನ್ನೂ ಹೇಳಿಲ್ಲ. ನಾಲ್ಕು ತಿಂಗಳು ಎಂದು ಹೇಳಿ ಬಂದವಳು ಮೂರು ವರ್ಷ ಎಂದರೆ ಅವರ ಮುಖ ಹೇಗಾದೀತು ಎಂದು ನೆನೆದರೆ ಫೋನಿನಲ್ಲಿ ಬೇರೆ ಮಾತು ತೆಗೆಯುತ್ತೇನೆ. ಫಲಿತಾಂಶ ಬರಲಿ, ಎದುರಿಗೆ ಕೂತು ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಇದು ನಿನ್ನ ಹೊಟ್ಟೆಯಲ್ಲಿರಲಿ. ಗಂಡನಿಗೆ ಹೇಳದ್ದನ್ನು ನಾದಿನಿಗೆ ಹೇಳುವ ಹೆಂಗಸು ನಾನೊಬ್ಬಳೇ ಇರಬೇಕು. ಆದರೆ ಇಷ್ಟು ವರ್ಷ ಅಲ್ಲಿನ ಕೇಂದ್ರದ ಗಾಜಿನ ಮನೆಯಲ್ಲಿ ನನ್ನ ಪಕ್ಕ ನಿಂತು ಕುಂಡ ತೂಗಿದವಳು ನೀನು. ನಿನಗೇ ಮುಚ್ಚಿಟ್ಟು ನಿನ್ನ ಕೈಯಲ್ಲೇ ಈ ಕೆಲಸ ಮಾಡಿಸುವುದು ನನ್ನಿಂದಾಗಲಿಲ್ಲ.

ಇನ್ನು ಕೆಲಸ. ನಿನಗೆ ಗೊತ್ತಿದ್ದದ್ದೇ, ಆದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಒಂದೊಂದು ಕುಂಡವನ್ನೂ ತಕ್ಕಡಿಯ ಮೇಲಿಟ್ಟು, ಅದರ ಚೀಟಿಯಲ್ಲಿರುವ ತೂಕ ಮುಟ್ಟುವಷ್ಟೇ ನೀರು, ಗುಟುಕೂ ಹೆಚ್ಚಾಗಬಾರದು. ನನ್ನ ಜಿಪುಣಿಯ ಸಾಲಿಗೂ, ಈಗ ಎಲ್ಲರೂ ಬೆಳೆಯುವ ಧಾರಾಳಿಯ ಸಾಲಿಗೂ ಒಂದೇ ನ್ಯಾಯ. ಮಾರ್ಚ್ ಬರುವವರೆಗೆ ಹೀಗೆ ಅರೆಹೊಟ್ಟೆ, ಆಮೇಲೆ ಪೂರ್ತಿ ಉಪವಾಸ. ತಳಿ ಆಯುವ ಸಮಿತಿಯವರು ಬಂದು ನೋಡುವುದು ಆ ಉಪವಾಸವನ್ನು. ಆದರೆ ಗಿಡ ಅದಕ್ಕೆ ತಯಾರಾಗುವುದು ಈ ಅರೆಹೊಟ್ಟೆಯ ದಿನಗಳಲ್ಲಿ. ಚಿಕ್ಕ ಎಲೆ ಬಿಡುವುದು, ಅದಕ್ಕೆ ಮೇಣ ಬಳಿದುಕೊಳ್ಳುವುದು, ಹೊತ್ತಿಗೆ ಮೊದಲೇ ಬಾಗಿಲು ಹಾಕಿಕೊಳ್ಳುವುದು, ಎಲ್ಲವನ್ನೂ ಈಗಲೇ ಕಲಿಯಬೇಕು. ಮಧ್ಯಾಹ್ನ ಜೋಳದ ಎಲೆ ಕೊಳವೆಯ ಹಾಗೆ ಸುರುಳಿ ಸುತ್ತಿಕೊಂಡರೆ ಮರುಗಬೇಡ. ಅದು ಸಾಯುತ್ತಿಲ್ಲ, ಬಿಸಿಲಿಗೆ ಮುಖ ಕೊಡುತ್ತಿಲ್ಲ, ಅಷ್ಟೇ.

ಪತ್ರದ ಜೊತೆ ಎಲೆಯ ಅಚ್ಚು ಕಳಿಸು. ಎಲೆಯ ತಳಕ್ಕೆ ಉಗುರುಬಣ್ಣವನ್ನು ತೆಳ್ಳಗೆ ಬಳಿದು, ಒಣಗಿದ ಮೇಲೆ ಅಂಟುಪಟ್ಟಿಯಿಂದ ಎಬ್ಬಿಸಿ ಗಾಜಿನ ತುಂಡಿಗೆ ಅಂಟಿಸಿದರಾಯಿತು. ಎಲೆ ಉಸಿರಾಡುವ ಒಂದೊಂದು ರಂಧ್ರವೂ ಬಾಯಿ ತೆರೆದಿದೆಯೇ ಮುಚ್ಚಿದೆಯೇ ಎಂದು ಇಲ್ಲಿನ ಸೂಕ್ಷ್ಮದರ್ಶಕದಲ್ಲಿ ನಿಚ್ಚಳವಾಗಿ ಕಾಣುತ್ತದೆ.

ನಿನ್ನ ಅತ್ತಿಗೆ


ಜನವರಿ ೨೨

ಅತ್ತಿಗೆ,

ನಿಮ್ಮ ಪತ್ರವನ್ನು ಬಾಗಿಲಲ್ಲಿ ಇಸಿದುಕೊಂಡವನು ಅಣ್ಣನೇ. “ನನಗೆ ಫೋನಲ್ಲಿ ಎರಡು ಮಾತು, ನಿನಗೆ ಇಷ್ಟು ದಪ್ಪದ ಲಕೋಟೆ. ಅಂಥಾದ್ದೇನೇ ಬರೀತಾಳೆ?” ಅಂದ. “ಹೆಂಗಸರ ವಿಷಯ, ನಿನಗ್ಯಾಕೆ?” ಅಂದೆ. “ಜೋಳದ ವಿಷಯ ಅನ್ನು” ಅಂತ ನಕ್ಕ. ನೀವು ಹೇಳಿದ್ದು ನನ್ನ ಹೊಟ್ಟೆಯಲ್ಲಿದೆ. ನನ್ನ ಹೊಟ್ಟೆ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು, ಇನ್ನೂ ನಾಲ್ಕು ಗುಟ್ಟಿಗೆ ಜಾಗ ಇದೆ.

ಜಿಪುಣಿ ಜಿಪುಣಿಯೇ. ಬಿಸಿಲು ಏರುವ ಮೊದಲೇ ಎಲೆ ಸುತ್ತಿಕೊಂಡು “ಇವತ್ತಿನ ಅಂಗಡಿ ಬಂದ್” ಅಂದುಬಿಡುತ್ತಾಳೆ. ಧಾರಾಳಿ ಮಾತ್ರ ನಡುಮಧ್ಯಾಹ್ನದವರೆಗೂ ಕೈಕಾಲು ಚಾಚಿಕೊಂಡಿದ್ದು, ಆಮೇಲೆ ಬಿದ್ದೆ ಸತ್ತೆ ಅಂತ ಜೋತುಬೀಳುತ್ತಾಳೆ. ಕೇಂದ್ರದ ದೊಡ್ಡವರು ನಿನ್ನೆ ಬಂದು, “ಏನಮ್ಮಾ, ನಿಮ್ಮ ಅತ್ತಿಗೆ ಗಿಡ ಯಾಕಿಷ್ಟು ಬಡಕಲು?” ಅಂದರು. “ಸಾರ್, ನೀವು ಸೊಸೆ ಹುಡುಕ್ತಿದೀರೋ, ಜೋಳ ಹುಡುಕ್ತಿದೀರೋ?” ಅಂತ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಕೆಲಸ ಬೇಕಲ್ಲ.

ನೀವಿಲ್ಲದೆ ಅಣ್ಣನಿಗೆ ಭಾನುವಾರ ಕಳೆಯುವುದೇ ಇಲ್ಲ. ಈ ಸಲ ನನ್ನ ಜೊತೆ ಗಾಜಿನ ಮನೆಗೆ ಬಂದಿದ್ದ. ಕುಂಡಗಳ ಮುಂದೆ ಸವತಿಯ ಮುಂದೆ ನಿಂತವರ ಹಾಗೆ ನಿಂತು, “ಇವುಗಳಲ್ಲಿ ಅವಳದ್ಯಾವುದು?” ಅಂತ ಕೇಳಿದ. ತೋರಿಸಿದೆ. ಬಹಳ ಹೊತ್ತು ನೋಡಿದ.

ನಾಲ್ಕನೇ ಎಲೆಯ ಅಚ್ಚುಗಳು ಜೊತೆಗಿವೆ. ಒಡೆದಿದ್ದರೆ ಅಂಚೆಯವರನ್ನು ಬಯ್ಯಿರಿ, ನನ್ನನ್ನಲ್ಲ.

ನಿಮ್ಮ ಮುದ್ದಿನ
ಚೂಟಿ


ಫೆಬ್ರವರಿ ೩

ಪ್ರೀತಿಯ ಚೂಟಿ,

ಅಚ್ಚುಗಳು ಒಡೆಯದೆ ಬಂದವು. ಜಿಪುಣಿಯ ರಂಧ್ರಗಳು ಚಿಕ್ಕವು, ಒತ್ತೊತ್ತಾಗಿವೆ, ಬಿಗಿಯಾಗಿ ಮುಚ್ಚಿವೆ. ಇಲ್ಲಿನ ಹಿರಿಯರೊಬ್ಬರನ್ನು ಕರೆದು ತೋರಿಸಿದೆ. ಅವರು ಒಮ್ಮೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಅಷ್ಟು ಸಾಕಾಯಿತು ನನಗೆ.

ಮಣ್ಣು ಒಣಗುತ್ತಿರುವುದು ಮೊದಲು ತಿಳಿಯುವುದು ಬೇರಿಗೆ. ಎಲೆಗೆ ಇನ್ನೂ ನೀರು ಸಿಗುತ್ತಿರುವಾಗಲೇ ಬೇರು ಮೇಲಕ್ಕೆ ಸುದ್ದಿ ಕಳಿಸುತ್ತದೆ. ಸುದ್ದಿಯೆಂದರೆ ರಸದಲ್ಲಿ ಹರಿಯುವ ಒಂದು ಚೂರು ರಾಸಾಯನಿಕ. ಎಲೆ ತಾನು ಕಾಣದ ಮಣ್ಣಿನ ಬಗ್ಗೆ ಬೇರು ಹೇಳಿದ ಮಾತನ್ನು ನಂಬಿ ಬಾಗಿಲು ಹಾಕಿಕೊಳ್ಳುತ್ತದೆ. ಧಾರಾಳಿಗೂ ಅದೇ ಸುದ್ದಿ ಹೋಗುತ್ತದೆ, ಅದು ಮಾತ್ರ ನಾಳೆ ನೋಡೋಣ ಎನ್ನುತ್ತದೆ. ಈ ವಿಷಯವನ್ನು ಎಷ್ಟೋ ಸಲ ಇಂಗ್ಲಿಷಿನಲ್ಲಿ ಪಾಠ ಮಾಡಿದ್ದೇನೆ. ನಿನಗೆ ಬರೆಯುವಾಗ ಮೊದಲ ಸಲ ಇದೊಂದು ಸಂಸಾರದ ಕಥೆಯ ಹಾಗೆ ಕೇಳಿಸುತ್ತಿದೆ.

ನಿನ್ನಣ್ಣ ಗಾಜಿನ ಮನೆಗೆ ಬಂದದ್ದನ್ನು ಓದಿ ಹಿತವಾಯಿತು. ಮನೆಗಳ ನಕ್ಷೆ ಬರೆಯುವವರಿಗೆ ಗೋಡೆಯಿಲ್ಲದ ವಸ್ತುವಿನಲ್ಲಿ ಆಸಕ್ತಿ ಇರುವುದಿಲ್ಲ ಎಂದುಕೊಂಡಿದ್ದೆ. ಅವರನ್ನು ನಾನೇ ಸರಿಯಾಗಿ ಓದಿಕೊಂಡಿಲ್ಲವೇನೋ. ಮೊನ್ನೆ ಫೋನಿನಲ್ಲಿ “ಅಲ್ಲಿ ಮಳೆಗಾಲ ಹೇಗಿರುತ್ತೆ?” ಎಂದು ಕೇಳಿದರು. ನಾನು ಮಳೆಗಾಲಕ್ಕೆ ಮೊದಲೇ ಹಿಂದಿರುಗುವವಳು; ಅವರಿಗೆ ತಿಂಗಳುಗಳ ಲೆಕ್ಕ ಯಾವಾಗಲೂ ತಪ್ಪು. “ಚೆನ್ನಾಗಿರುತ್ತಂತೆ” ಎಂದೆ. ಆಮೇಲೆ ಅವರು ಬೇಗ ಫೋನು ಇಟ್ಟುಬಿಟ್ಟರು. ಪಾಪ, ನಾನಿಲ್ಲದೆ ಬೇಸರವಾಗಿರಬೇಕು. ಭಾನುವಾರ ಜೊತೆಗೆ ಕರೆದುಕೊಂಡು ಹೋಗುತ್ತಿರು.

ನಿನ್ನ ಅತ್ತಿಗೆ


ಫೆಬ್ರವರಿ ೨೦

ಅತ್ತಿಗೆ,

ತಡವಾಯಿತು. ಕೆಲಸ.

ಜಿಪುಣಿ ಚೆನ್ನಾಗಿದ್ದಾಳೆ. ಧಾರಾಳಿಗಿಂತ ಎತ್ತರ ಬಂದಿದ್ದಾಳೆ. ನಡುಮಧ್ಯಾಹ್ನದಲ್ಲೂ ಎಲೆ ಬಿಚ್ಚಿಕೊಂಡೇ ಇರುತ್ತದೆ, ಅಗಲವಾಗಿ, ಹಸಿರಾಗಿ. ದೊಡ್ಡವರೂ “ಪರವಾಗಿಲ್ವೇ, ಮೈ ತುಂಬಿಕೊಂಡಿದೆ” ಅಂದರು. ಮಾರ್ಚ್ ಮೊದಲ ವಾರದಿಂದ ಉಪವಾಸ, ಎರಡನೇ ವಾರದ ಕೊನೆಗೆ ಸಮಿತಿ.

ಅಚ್ಚು ಈ ಸಲ ಇಲ್ಲ. ಉಗುರುಬಣ್ಣ ಮುಗಿದಿದೆ. ಅಣ್ಣ ಚೆನ್ನಾಗಿದ್ದಾನೆ. ಭಾನುವಾರ ಬರುತ್ತಿರುತ್ತಾನೆ.

ಚೂಟಿ


ಫೆಬ್ರವರಿ ೨೮

ಪ್ರೀತಿಯ ಚೂಟಿ,

ನಡುಮಧ್ಯಾಹ್ನವೂ ಎಲೆ ಬಿಚ್ಚಿಕೊಂಡಿದೆ ಎಂದು ಓದಿದಾಗ ಒಂದು ಕ್ಷಣ ತಡೆದೆ. ಒಣಮಣ್ಣಿನಲ್ಲಿ ಜಿಪುಣಿ ಹಾಗೆ ಮಾಡುವವಳಲ್ಲ. ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಜೀವಕೋಶಗಳಲ್ಲಿ ಸಕ್ಕರೆ, ಉಪ್ಪು ಕೂಡಿಸಿಟ್ಟುಕೊಂಡ ಎಲೆ ಇರುವಷ್ಟು ನೀರನ್ನೇ ಬಿಗಿಹಿಡಿಯುತ್ತದೆ, ಬೇಗ ಬಾಡುವುದಿಲ್ಲ. ಬೇರು ಕುಂಡದ ತಳ ಮುಟ್ಟಿರಲೂಬಹುದು. ಒಳ್ಳೆಯ ಸುದ್ದಿಗೆ ಅಡ್ಡಪ್ರಶ್ನೆ ಹಾಕುವುದು ನನ್ನ ಹಳೆಯ ಚಾಳಿ, ಈ ಸಲ ಬಿಟ್ಟುಬಿಡುತ್ತೇನೆ.

ಉಗುರುಬಣ್ಣಕ್ಕೂ ಬರವೇ? ನಿನ್ನ ಕನ್ನಡಿಯ ಮುಂದೆ ಒಂದು ಅಂಗಡಿಯೇ ಇದೆಯಲ್ಲ. ಬಣ್ಣವಿಲ್ಲದ್ದು ಸಿಗದಿದ್ದರೆ ನಿನ್ನ ಗುಲಾಬಿಯದೇ ಆಗಲಿ, ನನ್ನ ಎಲೆಗಳೂ ಒಂದು ದಿನ ಸಿಂಗಾರ ಮಾಡಿಕೊಳ್ಳಲಿ. ಉಪವಾಸ ಶುರುವಾಗುವ ಮೊದಲು ಎರಡೂ ಸಾಲಿನ ಏಳನೇ ಎಲೆಯ ಅಚ್ಚು ತೆಗೆದಿಡು. ಮರೆಯಬೇಡ.

ಇನ್ನೊಂದು ಗುಟ್ಟು, ಅದಕ್ಕೂ ಜಾಗ ಮಾಡಿಕೊ. ಗೆದ್ದರೆ ನಿನ್ನಣ್ಣನನ್ನೂ ಇಲ್ಲಿಗೇ ಕರೆಸಿಕೊಳ್ಳಬೇಕೆಂದಿದ್ದೇನೆ. ನಕ್ಷೆಯನ್ನು ಎಲ್ಲಿ ಕೂತರೂ ಬರೆಯಬಹುದು. ಇಲ್ಲೊಂದು ಮನೆ ನೋಡಿದ್ದೇನೆ. ಉತ್ತರಕ್ಕೆ ದೊಡ್ಡ ಕಿಟಕಿ, ಅದರ ಕೆಳಗೆ ಅವರ ಮೇಜು ಸರಿಯಾಗಿ ಕೂರುತ್ತದೆ. ನನಗೆ ಬಾಯಿ ಬಂದಿಲ್ಲ. ಅವರು ಬಹಳ ಮಂಕಾಗಿದ್ದಾರೆ ಅನ್ನಿಸಿದರೆ ನೀನೇ ಸೂಕ್ಷ್ಮವಾಗಿ ಕಿವಿಗೆ ಹಾಕು, ಅಡ್ಡಿಯಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ ೨೧

ಅತ್ತಿಗೆ,

ಹೇಗೆ ಬರೆಯಲಿ ಅಂತ ದಿನಾ ಕೂತು ದಿನಾ ಏಳುತ್ತಿದ್ದೆ. ದೊಡ್ಡವರು ನಿಮಗೆ ತಿಳಿಸಿರುತ್ತಾರೆ. ಆದರೂ ನಾನು ಹೇಳಬೇಕಲ್ಲ.

ನೀರು ನಿಲ್ಲಿಸಿದ ಮೂರನೇ ದಿನಕ್ಕೇ ಜಿಪುಣಿ ಕೈಬಿಟ್ಟಳು. ಸುರುಳಿ ಸುತ್ತಿಕೊಳ್ಳುವ ಪುರುಸೊತ್ತೂ ಇರಲಿಲ್ಲ, ಅಗಲದ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಸಮಿತಿಯವರು ಬರುವ ಹೊತ್ತಿಗೆ ಅಂಚೆಲ್ಲ ಸುಟ್ಟುಹೋಗಿತ್ತು. ಧಾರಾಳಿ ಬಾಡಿದ್ದರೂ ನಿಂತಿದ್ದಳು. ಒಬ್ಬರು, “ಇದಕ್ಕಾ ಜಿಪುಣಿ ಅಂತ ಹೆಸರಿಟ್ಟಿದ್ದು?” ಅಂದರು. ಇನ್ನೊಬ್ಬರು ನಕ್ಕರು. ದೊಡ್ಡವರು ನಗಲಿಲ್ಲ. “ಅವರು ಇದ್ದಿದ್ರೆ ನೋಡೋಕಾಗ್ತಿರಲಿಲ್ಲ” ಅಂತ ಮೆಲ್ಲಗೆ ಅಂದರು. ತಳಿಯನ್ನು ಪಟ್ಟಿಯಿಂದ ತೆಗೆದಿದ್ದಾರೆ. ಪರೀಕ್ಷೆಯಲ್ಲೇ ದೋಷವಿತ್ತು ಅಂತ ತೋರಿಸಿದರೆ ಮಾತ್ರ ಮತ್ತೆ ಸೇರಿಸಬಹುದಂತೆ. ಅದು ಬರೀ ವಾಡಿಕೆಯ ಮಾತು.

ನೀವು ಕೇಳಿದ್ದ ಅಚ್ಚುಗಳು ಇದರಲ್ಲಿವೆ. ಈಗ ಯಾಕೆ ಅನ್ನಿಸಿತು. ಆದರೂ ತೆಗೆದಿಟ್ಟಿದ್ದೆನಲ್ಲ, ಕಳಿಸುತ್ತಿದ್ದೇನೆ.

ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅತ್ತಿಗೆ. ಗಿಡ ತಾನೇ. ಬೇಗ ಬನ್ನಿ. ನೀವು ಬರುತ್ತೀರಿ ಅಂತ ಅಣ್ಣ ನಿಮ್ಮ ಕೋಣೆಗೆ ಬಣ್ಣ ಹೊಡೆಸಿದ್ದಾನೆ, ಪುಸ್ತಕಗಳಿಗೆ ಹೊಸ ಕಪಾಟು ಮಾಡಿಸಿದ್ದಾನೆ. ಮನೆ ಮೊದಲಿನ ಹಾಗೇ ಆಗುತ್ತದೆ.

ಚೂಟಿ


ಏಪ್ರಿಲ್ ೪

ಚೂಟಿ,

ಫೋನಿನಲ್ಲಿ ಕೇಳಬಹುದಿತ್ತು. ನಿನ್ನ ದನಿ ಕೇಳಿದರೆ ನಂಬಿಬಿಡುತ್ತೇನೆಂಬ ಭಯಕ್ಕೆ ಬರೆಯುತ್ತಿದ್ದೇನೆ.

ಏಳನೇ ಎಲೆಯ ಅಚ್ಚುಗಳನ್ನು ನೋಡಿದೆ. ರಂಧ್ರಗಳು ಮುಚ್ಚಿವೆ, ಇರಬೇಕಾದ ಹಾಗೇ. ಅಚ್ಚು ತೆಗೆಯುವ ಮುಂಚೆ ನೀನು ಒಂದೆರಡು ದಿನ ನೀರು ನಿಲ್ಲಿಸಿದ್ದೆ, ಅಲ್ಲವೇ? ನಾನು ರಂಧ್ರದ ಬಾಯನ್ನಷ್ಟೇ ನೋಡುತ್ತೇನೆ ಎಂದು ನೀನು ಎಣಿಸಿದೆ. ಎಲೆ ಆಗಾಗ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಅದು ಆ ಹೊತ್ತಿನ ಮಾತು. ಜೀವಕೋಶದ ಮಾತು ಹಾಗಲ್ಲ. ಎಲೆ ಬೆಳೆಯುವಾಗ ಅದು ಎಷ್ಟು ಹಿಗ್ಗಿತೋ ಹಿಗ್ಗಿತು, ಆಮೇಲೆ ಉಪವಾಸ ಹಾಕಿದರೂ ಮರಳಿ ಚಿಕ್ಕದಾಗುವುದಿಲ್ಲ. ಬಾಯಾರಿಕೆಯಲ್ಲಿ ಬೆಳೆದ ಎಲೆಯ ಕೋಶಗಳು ಚಿಕ್ಕವು, ರಂಧ್ರಗಳು ಒತ್ತೊತ್ತು. ನಾಲ್ಕನೇ ಎಲೆ ಹಾಗೇ ಇತ್ತು. ಏಳನೆಯದರಲ್ಲಿ ಕೋಶಗಳು ದೊಡ್ಡವು, ರಂಧ್ರಗಳು ದೂರದೂರ. ಹಳ್ಳದ ದಂಡೆಯ ಮೇಲೆ ಬೆಳೆದ ಜೋಳದ ಹಾಗೆ.

ಚೀಟಿ ಅದಲುಬದಲಾಗಿರಬೇಕು ಎಂದು ಮೊದಲು ನಂಬಲು ನೋಡಿದೆ. ಜಿಪುಣಿಯ ಎಲೆಯ ತಳದಲ್ಲಿರುವ ಮುಳ್ಳುಗೂದಲು ಧಾರಾಳಿಗಿಲ್ಲ. ಅಚ್ಚಿನಲ್ಲಿ ಆ ಕೂದಲು ಇದೆ. ಚಾವಣಿ ಸೋರಿರಬೇಕು ಎಂದುಕೊಂಡೆ. ಸೋರಿಕೆ ಸಾಲು ನೋಡಿ ಬೀಳುವುದಿಲ್ಲ. ಪಕ್ಕದಲ್ಲೇ ಇದ್ದ ಧಾರಾಳಿಯ ಏಳನೇ ಎಲೆ ಬಾಯಾರಿಕೆಯಲ್ಲೇ ಬೆಳೆದಿದೆ.

ಬಾಡಿದ ಗಿಡ ನೋಡಲಾರದೆ ನೀರು ಹಾಕಿದೆ ಎಂದು ನೀನು ಬರೆಯಬಹುದು. ಕನಿಕರ ಒಂದೇ ಸಾಲಿನ ಮೇಲೆ ಬರುತ್ತದೆಯೇ? ಅರೆಹೊಟ್ಟೆಯಲ್ಲಿ ಬೆಳೆಯಬೇಕಾದ ಗಿಡಕ್ಕೆ ಹೊಟ್ಟೆ ತುಂಬ ಕೊಟ್ಟು ಆಮೇಲೆ ತಟ್ಟನೆ ನಿಲ್ಲಿಸಿದರೆ ಏನಾಗುತ್ತದೆಂದು ನಿನಗೆ ಕಲಿಸಿದವಳು ನಾನು. ಅದಕ್ಕೇ ಕೇಳುತ್ತಿದ್ದೇನೆ, ಗೊತ್ತಿಲ್ಲದೆ ಮಾಡಿದವರನ್ನು ಹೀಗೆ ಕೇಳುತ್ತಿರಲಿಲ್ಲ.

ಯಾಕೆ?

ಅತ್ತಿಗೆ


ಏಪ್ರಿಲ್ ೧೯

ಅತ್ತಿಗೆ,

ಕನಿಕರ ಅಂತಲೇ ಬರೆಯಲು ಕೂತಿದ್ದೆ. ನೀವು ಮೊದಲೇ ಆ ಬಾಗಿಲು ಹಾಕಿಬಿಟ್ಟಿರಿ.

ನಿಮ್ಮ ಮೊದಲ ಪತ್ರ ಬಂದ ವಾರವೇ ಅಣ್ಣನಿಗೆ ಹೇಳಿದೆ. ಊಟಕ್ಕೆ ಕೂತಿದ್ದೆವು. “ಇನ್ನೇನು ಬಂದುಬಿಡ್ತಾಳೆ, ಮೂರೇ ತಿಂಗಳು” ಅಂತ ಅವನು ಖುಷಿಯಲ್ಲಿ ಬೆರಳು ಮಡಿಸಿದ. ನನ್ನ ಬಾಯಿ ತಡೆಯಲಿಲ್ಲ. ಅವನು ತಟ್ಟೆ ಸರಿಸಿ ಎದ್ದುಹೋದ. ಮರುದಿನ, “ಅದು ಗೆದ್ರೆ ತಾನೇ?” ಅಂದ. ಅಷ್ಟೇ ಅಂದದ್ದು.

ಆ ಭಾನುವಾರ ಬರೀ ನೋಡಿದ. ಮುಂದಿನ ಭಾನುವಾರ ನಾನು ತಕ್ಕಡಿಯ ಹತ್ತಿರ ಇದ್ದೆ, ತಿರುಗಿ ನೋಡಿದರೆ ನೀರಿನ ಝಾರಿ ಅವನ ಕೈಯಲ್ಲಿತ್ತು. “ಏನ್ಮಾಡ್ತಿದೀಯೋ?” ಅಂದೆ. “ನೀರು ಹಾಕ್ತಿದೀನಿ. ಗಿಡಕ್ಕೆ ನೀರು ಹಾಕೋದು ಪಾಪವೇನೇ?” ಅಂದ. ನಾನು ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಸೋಮವಾರದಿಂದ ನಾನೇ ಹಾಕಿದೆ. ಅವನಿಗೆ ಇದರಿಂದ ಏನಾಗುತ್ತದೆ ಅಂತ ಪೂರ್ತಿ ಗೊತ್ತಿರಲಿಲ್ಲ, ಪರೀಕ್ಷೆ ಕೆಡುತ್ತದೆ ಅಂತಷ್ಟೇ ಗೊತ್ತಿತ್ತು. ನನಗೆ ಎಲ್ಲ ಗೊತ್ತಿತ್ತು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನೀವು ಅವನನ್ನು ಕರೆಸಿಕೊಳ್ಳಬೇಕು ಅಂತ ಬರೆದಿರಲ್ಲ, ಆಗಿನ್ನೂ ಉಪವಾಸ ಶುರುವಾಗಿರಲಿಲ್ಲ. ಅದನ್ನು ಹೇಳಿದ್ದರೆ ಅವನು ಆ ನಿಮಿಷಕ್ಕೇ ಝಾರಿ ಎಸೆದು, ದೊಡ್ಡವರ ಹತ್ತಿರ ಹೋಗಿ ಹೊಸ ಕುಂಡಗಳಲ್ಲಿ ಮತ್ತೆ ಶುರುಮಾಡಿ ಅಂತ ಕೇಳಿಕೊಳ್ಳುತ್ತಿದ್ದ. ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ನೀವಿಬ್ಬರೂ ಹೋದರೆ ಈ ಮನೆಯಲ್ಲಿ ನಾನು ಯಾರ ಜೊತೆ ಕೂತು ಉಣ್ಣಲಿ? ಮದುವೆ ಮುರಿದು ಬಂದ ದಿನ “ಇದು ನಿನ್ನ ಮನೆ, ಬಾ” ಅಂದವರು ನೀವು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟು ಗಟ್ಟಿಯಾಗಿ ಹಿಡಿಯಬಾರದಿತ್ತೇನೋ.

ಅಚ್ಚನ್ನು ಬೇರೆ ಗಿಡದಿಂದ ತೆಗೆಯೋಣ ಅಂತ ಯೋಚಿಸಿದ್ದೆ. ಕೈ ಬರಲಿಲ್ಲ.

ಬೈಯಿರಿ. ಆದರೆ ಬನ್ನಿ.

ಚೂಟಿ


ಏಪ್ರಿಲ್ ೨೯

ಚೂಟಿ,

ಬೈಯಲು ಕೂತರೆ ಬೈಗುಳ ಬರುತ್ತಿಲ್ಲ. ಕಲಿತ ಶಾಲೆಯ ತಪ್ಪಿರಬಹುದು.

ನಿನ್ನಣ್ಣ ನಿನ್ನೆ ಫೋನು ಮಾಡಿದ್ದರು. ರೈಲಿನ ದಿನ ಕೇಳಿದರು. “ಭಾನುವಾರ ಗಾಜಿನ ಮನೆಯಲ್ಲಿ ಏನ್ಮಾಡ್ತಿದ್ರಿ?” ಎಂದೆ. “ನೀರು ಹಾಕ್ತಿದ್ದೆ.” “ಯಾರ ಗಿಡಕ್ಕೆ?” “ನಿನ್ನದಕ್ಕೇ. ನೀನು ಬರಲಿ ಅಂತ.” “ಬಾ ಅಂತ ನನ್ನನ್ನೇ ಕೇಳಬಹುದಿತ್ತಲ್ಲ?” “ಹೋಗ್ತೀನಿ ಅಂತ ನೀನು ನನಗೇ ಹೇಳಬಹುದಿತ್ತಲ್ಲ?”

ಬೆಳಗಿನಿಂದ ಅವರ ಆ ಮಾತನ್ನೇ ತಿರುವಿ ತಿರುವಿ ನೋಡುತ್ತಿದ್ದೇನೆ. ಮಾತು ಮುಚ್ಚಿಟ್ಟವಳು ನಾನು ಎನ್ನುವುದು ನಿಜ. ಹಾಗೆಂದು ನನ್ನ ಮೌನವನ್ನೂ ಅವರ ಝಾರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರಿ ಹೋಯಿತು ಎನ್ನಲು ನನ್ನಿಂದಾಗುತ್ತಿಲ್ಲ. ಅವರ ಮೇಲಿನ ಸಿಟ್ಟು ಎಂದಾದರೂ ಇಳಿದೀತು. ಅವರಿಗೆ ಅರ್ಧ ಮಾತ್ರ ಗೊತ್ತಿತ್ತು. ಉತ್ತರದ ಕಿಟಕಿಯ ವಿಷಯ ಹೇಳಲು ಬಾಯಿ ತೆರೆದೆ, ಹೇಳಲಿಲ್ಲ. ಅದನ್ನು ಅವರು ನನ್ನಿಂದ ಕೇಳಿದರೆ ನಿನ್ನನ್ನು ಆ ಮನೆಯಲ್ಲಿ ಹೇಗೆ ನೋಡುತ್ತಾರೋ ನನಗೆ ತಿಳಿಯದು. ನೀನೇ ಹೇಳು. ಹೇಳಬೇಡ ಎಂದದ್ದನ್ನು ಹೇಳಿದೆ, ಹೇಳು ಎಂದದ್ದನ್ನು ನುಂಗಿದೆ. ಈಗಲಾದರೂ ಅದು ಹೊರಬರಲಿ.

ಇದು ನಿನ್ನ ಮನೆ ಎಂದಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಮನೆಗೆ ಸದ್ಯಕ್ಕೆ ನಾನು ಬರುವುದಿಲ್ಲ. ನನ್ನಲ್ಲಿ ಒಂದು ಹಿಡಿ ಬೀಜ ಉಳಿದಿತ್ತು, ಇಲ್ಲೇ ಬಿತ್ತಿದ್ದೇನೆ. ಕುಂಡ ತೂಗುವುದು ನಾನೇ. ಅದು ಗೆಲ್ಲುತ್ತದೋ ಇಲ್ಲವೋ ಗೊತ್ತಿಲ್ಲ. ಸೋತರೆ ತಾನಾಗಿ ಸೋಲಲಿ. ಅಷ್ಟು ಹಕ್ಕು ಅದಕ್ಕಿದೆ.

ಪರೀಕ್ಷೆಯಲ್ಲಿ ದೋಷವಿತ್ತೆಂದು ತೋರಿಸದಿದ್ದರೆ ಈ ಕುಂಡಗಳನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆದ್ದರಿಂದ ದೊಡ್ಡವರಿಗೆ ಬರೆದಿದ್ದೇನೆ. ನಾಲ್ಕನೇ, ಏಳನೇ ಎಲೆಗಳ ಅಚ್ಚಿನ ಚಿತ್ರಗಳಿವೆ, ಜಿಪುಣಿಗೆ ಹೆಚ್ಚು ನೀರು ಬಿದ್ದಿದೆ ಎಂದಿದೆ. ಯಾರ ಕೈಯೆಂದು ಬರೆದಿಲ್ಲ. ಅವರು ಕೇಳಿದರೆ ಸುಳ್ಳು ಹೇಳುವುದಿಲ್ಲ. ನಿನ್ನ ಕೆಲಸ ಹೋಗಬಹುದು. ನೀನೇ ಮೊದಲು ಹೋಗಿ ಅವರೆದುರು ನಿಂತರೆ ಅದು ಬೇರೆಯ ಮಾತಾಗುತ್ತದೆ. ಹೋಗುತ್ತೀಯೋ ಇಲ್ಲವೋ ನಾನು ಊಹಿಸಲು ಹೋಗುವುದಿಲ್ಲ. ನಿನ್ನ ವಿಷಯದಲ್ಲಿ ನನ್ನ ಊಹೆಗಳು ಯಾವುವೂ ನಿಲ್ಲಲಿಲ್ಲ.

ಈ ಪತ್ರ ಇಂದೇ ಹೊರಡುತ್ತದೆ. ದೊಡ್ಡವರಿಗೆ ಬರೆದದ್ದು ನನ್ನ ಮೇಜಿನ ಮೇಲಿದೆ, ಅಂಟು ಹಚ್ಚಿದೆ, ವಿಳಾಸ ಬರೆದಿದೆ. ಅದನ್ನು ಅಂಚೆಗೆ ಹಾಕುವುದು ಮೇ ೧೨ರಂದು. ಅಲ್ಲಿಯವರೆಗಿನ ದಿನಗಳು ನಿನ್ನವು.

ಅತ್ತಿಗೆ